ಕಾರಿನ ಗ್ಯಾಸು ಎಲ್ಲಿಗೆ ಹೋಗುತ್ತದೆ?



ಕಳೆದ ಮೇ ತಿಂಗಳ ಒಂದು ಮಧ್ಯಾಹ್ನ. ಅತ್ತೆಯವರಿಗೆ ಕಣ್ಣಿನ ಪೊರೆ ತೆಗೆಸಿ ಮಾಟುಂಗಾದಿಂದ ಮುಲುಂಡಿಗೆ ಮರಳುತ್ತಿದ್ದೆವು. ಸ್ಟಿಯರಿಂಗ್ ಹಿಡಿದವಳು ಮಗಳು. ಸಾಯನ್ ದಾಟುವಷ್ಟರಲ್ಲಿ ಏ.ಸಿ.ಯಿಂದ ಬಿಸಿಗಾಳಿ! ಕಣ್ಣಿಗೆ ಧೂಳು ತಾಗಬಾರದೆಂದು ಡಾಕ್ಟರು ಹೇಳಿದ್ದರಿಂದ ಕಿಟಕಿ ಇಳಿಸುವಂತಿರಲಿಲ್ಲ. ಎಂಬತ್ತು ದಾಟಿದ ಅತ್ತೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ, "ಇದಕ್ಕಿಂತ ಆ ಫಿಯಟ್ ಟ್ಯಾಕ್ಸಿಯೇ ವಾಸಿಯಿತ್ತು" ಎಂದರು. ಆ ಕಪ್ಪು-ಹಳದಿ ಪದ್ಮಿನಿಗಳೂ 2023ರಲ್ಲಿ ಮುಂಬಯಿ ರಸ್ತೆಯಿಂದ ಮರೆಯಾದವು.

ಒಂದೇ ವರ್ಷದಲ್ಲಿ ನಾವು ಎರಡು ಸಲ ಗ್ಯಾಸು ತುಂಬಿಸಿದ್ದೆವು. ಗ್ಯಾರೇಜಿನವ "ಗ್ಯಾಸ್ ಖತಮ್" ಎಂದೊಡನೆ ನಮ್ಮ ಯಜಮಾನರು ಪರ್ಸಿಗೆ ಕೈಹಾಕುವರು. ಅಡುಗೆಮನೆಯ ಸಿಲಿಂಡರಿನಂತೆ ಅದೂ ಉರಿದು ಮುಗಿಯುತ್ತದೆಂದೇ ನಾನೂ ತಿಳಿದಿದ್ದೆ.

ಅದು ಹಾಗಲ್ಲ ಮಕ್ಕಳೇ. ಕಂಪ್ರೆಸರ್ ಗ್ಯಾಸನ್ನು ಒತ್ತುತ್ತದೆ. ಮುಂಭಾಗದ ಕಂಡೆನ್ಸರಿನಲ್ಲಿ ಅದು ಬಿಸಿಯನ್ನು ಹೊರಗೆ ಬಿಟ್ಟು ದ್ರವವಾಗುತ್ತದೆ. ಡ್ಯಾಶ್‌ಬೋರ್ಡಿನ ಒಳಗೆ ಮತ್ತೆ ಆವಿಯಾಗುತ್ತಾ ಒಳಗಿನ ಸೆಕೆಯನ್ನು ಹೀರುತ್ತದೆ. ಅದೇ ಗ್ಯಾಸು ಸುತ್ತುತ್ತಲೇ ಇರುತ್ತದೆ. ಮನೆಯ ಫ್ರಿಜ್ಜಿಗೆ ನೀವು ವರ್ಷವರ್ಷ ಗ್ಯಾಸು ತುಂಬಿಸುತ್ತೀರಾ? ಕಾರಿನಲ್ಲಿ ರಬ್ಬರಿನ ಹೋಸುಗಳಿವೆ, ಕುಲುಕಾಟವಿದೆ. ವರ್ಷಗಳು ಕಳೆದಂತೆ ಸ್ವಲ್ಪ ಜಿನುಗಬಹುದು. ಆದರೆ ಒಂದೇ ಬೇಸಿಗೆಯಲ್ಲಿ ಖಾಲಿಯಾದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

ಆ ರಾತ್ರಿ ಕಾರಿನ ಕೈಪಿಡಿಯನ್ನು ಓದಿದೆ. (ನನ್ನ ಇಂಗ್ಲಿಷ್ ಬಿ.ಎ.ಯಿಂದ ಈ ಮನೆಗೆ ಒದಗಿದ ಮೊದಲ ಪ್ರಯೋಜನವೆಂದು ಮಗಳು ನಕ್ಕಳು.) ಗ್ಯಾರೇಜಿಗೆ ಹೋಗುವ ಮೊದಲು ನೀವೇ ನೋಡಬಹುದಾದ ಸಂಗತಿಗಳಿವೆ. ಗಾಳಿಯೇ ಕಡಿಮೆ ಬರುತ್ತಿದೆಯೇ? ಹಾಗಿದ್ದರೆ ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ. ಸಾಮಾನ್ಯವಾಗಿ ಗ್ಲೋವ್ ಬಾಕ್ಸಿನ ಹಿಂದಿರುತ್ತದೆ. ನಮ್ಮದರಲ್ಲಿ ಒಣ ಎಲೆ, ಕಪ್ಪು ಮಸಿ! ಸಿಗ್ನಲಿನಲ್ಲಿ ಬಿಸಿಯಾಗಿ, ಹೈವೇಯಲ್ಲಿ ಓಡುವಾಗ ತಂಪಾದರೆ ಮುಂಭಾಗದ ಫ್ಯಾನ್ ಮೇಲೆ ಅನುಮಾನಪಡಿ. ಕಂಡೆನ್ಸರಿಗೆ ಧೂಳು ಮೆತ್ತಿಕೊಂಡಿರಲೂಬಹುದು. ಹೊರಗಿನ ಗಾಳಿಯ ಗುಂಡಿ ಒತ್ತಿದ್ದರೂ ತಂಪು ಕಡಿಮೆಯೇ. ಕಾರಿನಡಿ ನೀರು ತೊಟ್ಟಿಕ್ಕಿದರೆ ಗಾಬರಿ ಬೇಡ. ನಮ್ಮ ಮುಂಬಯಿ ಗಾಳಿಯ ತೇವವೇ ಅದು. ಬಾನೆಟ್ ತೆರೆದಾಗ ಫ್ಯಾನಿನ ಬಳಿ ಕೈಯೊಯ್ಯಬೇಡಿ. ಎಂಜಿನ್ ನಿಂತಿದ್ದರೂ ಅದು ಫಕ್ಕನೆ ತಿರುಗೀತು. ಗ್ಯಾಸಿನ ಪೈಪನ್ನಂತೂ ಬಿಚ್ಚಲೇಬೇಡಿ, ಚರ್ಮ ಹೆಪ್ಪುಗಟ್ಟುತ್ತದೆ.

ಈ ಸಲ ಬೇರೊಬ್ಬ ಮೆಕ್ಯಾನಿಕನ ಬಳಿ ಹೋಗಿ, "ಗ್ಯಾಸು ಆಮೇಲೆ, ಮೊದಲು ಸೋರುವ ಜಾಗ ತೋರಿಸಪ್ಪಾ" ಎಂದೆ. ಗ್ಯಾಸಿನೊಡನೆ ಕಂಪ್ರೆಸರಿನ ಎಣ್ಣೆಯೂ ಸುತ್ತುವುದರಿಂದ ಸೋರುವಲ್ಲಿ ಜಿಡ್ಡಿನ ಕಲೆಯಾಗುತ್ತದಂತೆ. ಟಾರ್ಚ್ ಹಿಡಿದು ಹುಡುಕಿದ. ಪೈಪಿನ ಸಂದಿನಲ್ಲಿ ಧೂಳು ಹಿಡಿದ ಜಿಡ್ಡು! ಒಳಗೆ ಬಿರುಕುಬಿಟ್ಟ ಒಂದು ರಬ್ಬರಿನ ಉಂಗುರ. ಅದರ ಬೆಲೆ ಕೇಳಿ ಯಜಮಾನರು ಮಾತೇ ಆಡಲಿಲ್ಲ.

ದುಡ್ಡು ಹೋದದ್ದು ಒಂದು. ಹಳೆಯ ಆರ್-12 ಗ್ಯಾಸು ಓಜೋನನ್ನು ತಿನ್ನುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಬಿಟ್ಟು, ಆರ್-134ಎ ತಂದರು. ಇದು ಓಜೋನಿಗೆ ಹಾನಿಯಲ್ಲ, ಆದರೆ ಭೂಮಿಯನ್ನು ಕಾಯಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಬಲಶಾಲಿ. ಎರಡು ಸಲ ತುಂಬಿಸಿದ್ದೆಲ್ಲ ಎಲ್ಲಿಗೆ ಹೋಯಿತೆಂದು ನೆನೆದರೆ ನನಗೆ ಮುಜುಗರವಾಗುತ್ತದೆ.

ಮುಂದಿನ ವಾರ ಕಣ್ಣಿನ ತಪಾಸಣೆಗೆ ಹೋಗುವಾಗ ಅತ್ತೆ ಘಾಟ್ಕೋಪರದಲ್ಲೇ ಶಾಲು ಕೇಳಿದರು.