ಕಿಡಿ ಎಷ್ಟಿರಬೇಕು?

ದೀಪಾವಳಿಗೆ ಆಟದ ಪಿಸ್ತೂಲಿಗೆ ಹಾಕಿ ಹೊಡೀತಿದ್ದ ಕೇಪು, ಮಲೆನಾಡು-ಕೊಡಗಿನ ಹಳೇ ‘ಕೇಪಿನ ಕೋವಿ’ಯ ಕೇಪು, ಇವತ್ತಿನ ರೈಫಲ್ ತೋಟಾದ ಬುಡದಲ್ಲಿ ಕೂತಿರೋ ಪ್ರೈಮರ್: ಮೂರೂ ಒಂದೇ ವಂಶದವು. ಪೆಟ್ಟು ಬಿದ್ದಾಗ ಕಿಡಿ ಕೊಡಬೇಕು, ಅಷ್ಟೇ ಕೆಲಸ. ಆ ಕಿಡಿ ಎಷ್ಟು ದೊಡ್ಡದಿರಬೇಕು ಅನ್ನೋದರಲ್ಲಿ ಮಾತ್ರ ಜಗಳ ಇದೆ. ಮೆಕ್ಯಾನಿಕಲ್ ಓದೋರಿಗೆ ಇದಕ್ಕಿಂತ ಚಂದದ ಡಿಸೈನ್ ಜಗಳ ಸಿಗೋದು ಕಷ್ಟ, ಅದಕ್ಕೇ ಬರೀತಿದ್ದೀನಿ.

ರೈಫಲ್ ಪ್ರೈಮರ್ ಎರಡು ಅಳತೆಯಲ್ಲಿ ಬರುತ್ತೆ. ದೊಡ್ಡದರ ವ್ಯಾಸ ಸುಮಾರು 5.33 ಮಿ.ಮೀ., ಸಣ್ಣದರದು 4.45. ನಡುವೆ ಒಂದು ಮಿಲಿಮೀಟರ್ ಕೂಡ ವ್ಯತ್ಯಾಸ ಇಲ್ಲ. 5.56 ಎಂ.ಎಂ. ತರಹದ ಸಣ್ಣ ತೋಟಾಗೆ ಸಣ್ಣದು, .308 ವಿಂಚೆಸ್ಟರ್ ತರಹದ ದಪ್ಪ ತೋಟಾಗೆ ದೊಡ್ಡದು ಅನ್ನೋದು ಹಳೇ ರೂಢಿ. ಮದ್ದು ಜಾಸ್ತಿ ಇದ್ದರೆ ಬೆಂಕಿಯೂ ಜಾಸ್ತಿ ಬೇಕು ಅನ್ನೋ ಸರಳ ಲೆಕ್ಕ. ಆದರೆ ಹೊರದೇಶದಲ್ಲಿ ಖಾಲಿ ಕೋಶಕ್ಕೆ ಮತ್ತೆ ಮದ್ದು ತುಂಬಿಕೊಂಡು ಗುರಿ ಹೊಡೆಯೋ ಸ್ಪರ್ಧಿಗಳು ಈ ಲೆಕ್ಕವನ್ನು ಒಪ್ಪಲಿಲ್ಲ. ಫಿನ್ಲೆಂಡಿನ ಲಪುವಾ ಕಂಪನಿ .308ಕ್ಕೇ ಸಣ್ಣ ಪ್ರೈಮರ್ ಕೂರುವ ‘ಪಾಲ್ಮಾ’ ಕೋಶ ತಯಾರಿಸಿತು. 6.5 ಕ್ರೀಡ್‌ಮೋರ್‌ಗಂತೂ ಎರಡೂ ಬಗೆಯ ಕೋಶ ಸಿಗುತ್ತವೆ. ಒಂದರ ಗುಳಿಗೆ ಇನ್ನೊಂದು ಕೂರಲ್ಲ, ಹಾಗಾಗಿ ಕೋಶ ಆರಿಸುವಾಗಲೇ ತೀರ್ಮಾನ ಆಗಿಬಿಡುತ್ತೆ.

ಗುರಿಯ ಸ್ಪರ್ಧೆಗಾದರೆ ಸಣ್ಣದೇ ಸರಿ ಅಂತ ನನ್ನ ಅಭಿಪ್ರಾಯ. ಯಾಕೆ ಅಂತ ಲೆಕ್ಕ ಹಾಕಿ ನೋಡ್ರಿ. .308ಕ್ಕೆ ಯುರೋಪಿನ ಮಾನದಂಡ ಒಪ್ಪುವ ಗರಿಷ್ಠ ಒತ್ತಡ 4,150 ಬಾರ್, ಅಂದರೆ 415 ಮೆಗಾಪ್ಯಾಸ್ಕಲ್. ಅಷ್ಟೂ ಒತ್ತಡ ಪ್ರೈಮರಿನ ಪೂರ್ತಿ ಅಗಲಕ್ಕೆ ಬೀಳುತ್ತೆ ಅಂತ ಇಟ್ಟುಕೊಳ್ಳೋಣ. ದೊಡ್ಡದು ಹಿಂದಕ್ಕೆ ತಳ್ಳುವ ಬಲ ಸುಮಾರು 9.3 ಕಿಲೋನ್ಯೂಟನ್, ಸಣ್ಣದರದು 6.5. ಒಂದು ಮಿಲಿಮೀಟರಿಗೂ ಕಡಿಮೆ ವ್ಯತ್ಯಾಸಕ್ಕೆ ಹತ್ತಿರಹತ್ತಿರ 280 ಕೆ.ಜಿ. ಭಾರದ ಅಂತರ! ವ್ಯಾಸದ ವರ್ಗ ಅನ್ನೋದನ್ನ ಪರೀಕ್ಷೆಗೆ ಮಾತ್ರ ಕಲಿತರೆ ಇದು ಕಣ್ಣಿಗೆ ಬೀಳಲ್ಲ. ಗುಳಿ ಸಣ್ಣದಾದಷ್ಟೂ ಸುತ್ತ ಹಿತ್ತಾಳೆ ಹೆಚ್ಚು ಉಳಿಯುತ್ತೆ, ಅದೇ ಕೋಶವನ್ನ ಎಷ್ಟೋ ಸಲ ಬಳಸಿದರೂ ಗುಳಿ ಬೇಗ ಸಡಿಲ ಆಗಲ್ಲ. ಗುಂಡಿನ ವೇಗದ ಏರಿಳಿತವೂ ಕಡಿಮೆ ಅಂತ ಅನೇಕ ಸ್ಪರ್ಧಿಗಳ ಅನುಭವ. ಅವರಿಗೆ ಬೇಕಾಗಿರೋದು ಜಾಸ್ತಿ ಬೆಂಕಿ ಅಲ್ಲ, ಪ್ರತಿ ಸಲವೂ ಅಷ್ಟೇ ಬೆಂಕಿ.

ಈ ತರ್ಕ ಹೊಸದೇನಲ್ಲ. ಎಕಂಬಾ, ಔರಾದ ಕಡೆಯಿಂದ ಬೀದರಿಗೆ ಬಂದವರು ಕೋಟೆಯ ಬುರುಜು ಹತ್ತಿ ತೋಪಿನ ಬಾಯಿ ಮುಂದೆ ಫೋಟೋ ತೆಗೆಸಿಕೊಳ್ಳದೆ ಹೋಗಲ್ಲ. ಹಿಂದಿನ ಬತ್ತಿ ಕಿಂಡಿಯನ್ನ ಯಾರೂ ನೋಡಲ್ಲ. ಅಷ್ಟು ದೊಡ್ಡ ತೋಪಿಗೆ ಅಷ್ಟು ಸಣ್ಣ ಕಿಂಡಿ ಸಾಕಿತ್ತು. ಸವೆದು ಅಗಲವಾದರೆ ಒತ್ತಡ ಅಲ್ಲಿಂದಲೇ ಹಿಂದಕ್ಕೆ ಸೋರುತ್ತೆ. ಇವತ್ತಿನ ಕೋಶದಲ್ಲೂ ಪ್ರೈಮರಿನ ಬೆಂಕಿ ಮದ್ದಿಗೆ ತಲುಪೋದು ಸಾಮಾನ್ಯವಾಗಿ 2 ಮಿ.ಮೀ. ರಂಧ್ರದಿಂದ, ಲಪುವಾದ ಸಣ್ಣ ಪ್ರೈಮರ್ ಕೋಶದಲ್ಲಿ 1.5. ಅಂದ ಹಾಗೆ, 1657ರಲ್ಲಿ ಔರಂಗಜೇಬ್ ಇದೇ ಕೋಟೆಗೆ ಮುತ್ತಿಗೆ ಹಾಕಿದ್ದಾಗ ಬಾಣದ ಒಂದು ಕಿಡಿ ಒಳಗಿನ ಮದ್ದಿನ ಸಂಗ್ರಹಕ್ಕೆ ತಗುಲಿ, ಕೋಟೆ ಕಾಯುತ್ತಿದ್ದ ಸಿದ್ದಿ ಮರ್ಜಾನ್ ಆ ಸ್ಫೋಟದ ಗಾಯಗಳಿಂದ ಸತ್ತ. ಕೋಟೆ ಬಿತ್ತು. ಮದ್ದು ಒಣಗಿ ಸಿದ್ಧವಾಗಿದ್ದರೆ ಕಿಡಿ ಎಷ್ಟು ಸಣ್ಣದಿದ್ದರೂ ಸಾಕು.

ಹಾಗಾದರೆ ದೊಡ್ಡ ಪ್ರೈಮರ್ ಯಾಕೆ ಇನ್ನೂ ಬದುಕಿದೆ? ಚಳಿಯಿಂದ. ನಿಧಾನವಾಗಿ ಉರಿಯೋ ಮದ್ದು ಹೆಚ್ಚಾಗಿ ತುಂಬಿದ ತೋಟಾ, ಮೈನಸ್ 20 ಡಿಗ್ರಿಯಲ್ಲಿ, ಸಣ್ಣ ಕಿಡಿಗೆ ತಡವಾಗಿ ಹೊತ್ತಬಹುದು, ಹೊತ್ತದೇ ಇರಬಹುದು. ಬೀದರಿನ ಏಪ್ರಿಲ್ ಬಿಸಿಲಲ್ಲಿ ಸಾವಿರ ಸಲ ಪರೀಕ್ಷೆ ಮಾಡಿ ‘ಪಾಸ್’ ಅಂದ ತೋಟಾ ದ್ರಾಸ್‌ನಲ್ಲಿ ಕೈಕೊಟ್ಟರೆ ಆ ಸಾವಿರಕ್ಕೆ ಬೆಲೆ ಇಲ್ಲ. ಸ್ಪರ್ಧಿಗೆ ಒಂದು ಅಂಕ ಹೋದೀತು. ಸೈನಿಕನ ಮಾತು ಬೇರೆ. ಅಗಲವಾದ ಫೈರಿಂಗ್ ಪಿನ್ ಇರೋ ಹಳೇ ರೈಫಲ್‌ನಲ್ಲಿ ಸಣ್ಣ ಪ್ರೈಮರ್ ತೂತು ಬೀಳೋದೂ ಉಂಟು. ಹಾಗಾಗಿ ಸಣ್ಣದೇ ಶ್ರೇಷ್ಠ ಅಂತ ಕಣ್ಣುಮುಚ್ಚಿ ಹೇಳೋರ ಮಾತನ್ನೂ ನಾನು ಒಪ್ಪಲ್ಲ.

ಇದನ್ನ ಓದಿ ಯಾರೂ ಹಾಸ್ಟೆಲ್ ರೂಮಲ್ಲಿ ಪ್ರಯೋಗಕ್ಕೆ ಇಳಿಯಬೇಡಿ. ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸೋದು 1959ರ ಆಯುಧ ಕಾಯ್ದೆ ಪ್ರಕಾರ ಅಪರಾಧ. ನಮ್ಮ ದೇಶದಲ್ಲಿ ಈ ಆಯ್ಕೆ ಹೆಚ್ಚಾಗಿ ನಡೆಯೋದು ಕಾರ್ಖಾನೆಯಲ್ಲೇ. ಪುಣೆ ಪಕ್ಕದ ಖಡಕಿಯಲ್ಲಿ 1869ರಿಂದ ಮದ್ದುಗುಂಡಿನ ಕಾರ್ಖಾನೆ ಇದೆ. 2021ರಿಂದ ಅದು ಮ್ಯುನಿಷನ್ಸ್ ಇಂಡಿಯಾ ಕಂಪನಿಯ ಕೆಳಗೆ ಬಂದಿದೆ. ಅಂಥ ಕಡೆ ಕೂತು ತೀರ್ಮಾನ ಮಾಡೋರು ನಮ್ಮಂತೆಯೇ ಡಿಗ್ರಿ ಮುಗಿಸಿದ ಎಂಜಿನಿಯರುಗಳು. ನಾವಾದರೋ ಪ್ರಾಜೆಕ್ಟ್ ಅಂದರೆ ಎಸಿ ಲ್ಯಾಬಲ್ಲಿ ಮೂರು ರೀಡಿಂಗ್ ತಗೊಂಡು ಸರಾಸರಿ ಬರೆದು, ಸಂಶಯ ಬಂದಲ್ಲೆಲ್ಲ ಸೇಫ್ಟಿ ಫ್ಯಾಕ್ಟರ್ ಏರಿಸಿಬಿಡ್ತೀವಿ. ಪ್ರೈಮರಿನ ವಿಷಯದಲ್ಲಿ ಆ ‘ಜಾಸ್ತಿ ಇರಲಿ ಬಿಡು’ ಕೋಶದ ಆಯಸ್ಸನ್ನ ತಿನ್ನುತ್ತೆ, ‘ಕಡಿಮೆ ಸಾಕು ಬಿಡು’ ಚಳಿಯಲ್ಲಿ ಕೈಕೊಡುತ್ತೆ. ಮುಂದಿನ ಸಲ ವೈವಾದಲ್ಲಿ ಯಾರಾದರೂ ದೊಡ್ಡದೋ ಸಣ್ಣದೋ ಅಂತ ಕೇಳಿದರೆ, ಉತ್ತರ ಕೊಡೋ ಮೊದಲು ತಿರುಗಿ ಕೇಳ್ರಿ: ಸರ್, ಅಲ್ಲಿ ಕನಿಷ್ಠ ತಾಪಮಾನ ಎಷ್ಟು?