ತಿಪ್ಪೆ ತನ್ನ ಕೆಲಸ ಮಾಡೀತು, ಸರ್ಕಾರ ತನ್ನದು ಮಾಡಲಿ

ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಕೊಳಚೆಯನ್ನು ಎರಡು ಹಂತ ಶುದ್ಧಿಮಾಡಿ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ಹರಿಸುವ ಯೋಜನೆ ದಿನಕ್ಕೆ 21 ಕೋಟಿ ಲೀಟರಿನದು. ಸಾವಿರ ಅಡಿ ಕೊರೆದರೂ ನೀರು ಕಾಣದ ಸೀಮೆಯಲ್ಲಿ ತುಂಬಿದ ಕೆರೆಯನ್ನು ಬೇಡವೆನ್ನುವವರು ಯಾರು? ದಿಬ್ಬೂರಹಳ್ಳಿಯ ರೈತ, ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವ ಕೂಲಿಗಾರ, ಅವರಿಗೆ ಸಾಲ ಕೊಡುವ ಕಿರಾಣಿ ಅಂಗಡಿಯವ, ಈ ಮೂವರ ಬದುಕೂ ಹಿಪ್ಪುನೇರಳೆ ಸೊಪ್ಪಿನ ಮೇಲೆ ನಿಂತಿದೆ. ಸೊಪ್ಪಿಗೆ ನೀರು ಬೇಕೇ ಬೇಕು. ನಾವು ಬೇಡವೆನ್ನುವುದು ನೀರನ್ನಲ್ಲ, ಅದರೊಡನೆ ಬರಬಹುದಾದ ವಿಷವನ್ನು.

2018ರ ಜುಲೈನಲ್ಲಿ ಇದೇ ಬಗೆಯ ಕೋರಮಂಗಲ-ಚಲ್ಲಘಟ್ಟ ಯೋಜನೆಯ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆಯೆದ್ದಿತು; ಹೈಕೋರ್ಟು ಅದನ್ನು ತಡೆಹಿಡಿಯಿತು. ಮುಂದೆ ನೀರು ಮತ್ತೆ ಹರಿಯಿತೆನ್ನುವುದು ಬೇರೆ ಮಾತು. ನೊರೆ ಕಣ್ಣಿಗೆ ಕಂಡಿತು. ಸೀಸ, ಕ್ಯಾಡ್ಮಿಯಂ ಕಾಣುವುದಿಲ್ಲ, ಅವಕ್ಕೆ ವಾಸನೆಯೂ ಇಲ್ಲ. ಎರಡನೆಯ ಹಂತದ ಶುದ್ಧೀಕರಣ ಇರುವುದು ಕೊಳೆಯುವ ವಸ್ತುವನ್ನು ತೆಗೆಯಲು. ಲೋಹದ ಒಂದು ಪಾಲು ಕೆಸರಿನಲ್ಲಿ ಉಳಿಯುತ್ತದೆ. ಕರಗಿದ ಪಾಲು ನೀರಿನೊಡನೆ ಮುಂದಕ್ಕೆ ಹೋಗುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ ಸೀಸ 0.01 ಮಿಲಿಗ್ರಾಂ, ಕ್ಯಾಡ್ಮಿಯಂ 0.003 ಮಿಲಿಗ್ರಾಂ ದಾಟಬಾರದೆಂಬುದು ಭಾರತೀಯ ಮಾನಕ. ಕೆರೆಯ ನೀರು ಇಂಗಿ ಸೇರುವುದು ನಾವು ಕುಡಿಯುವ ಕೊಳವೆಬಾವಿಗೇ ಅಲ್ಲವೇ?

ಇದಕ್ಕೆ ಒಂದು ಅಗ್ಗದ ಉಪಾಯ ನಮ್ಮ ತಿಪ್ಪೆಯಲ್ಲೇ ಇದೆ. ಚೆನ್ನಾಗಿ ಕಳಿತ ಗೊಬ್ಬರದ ಕಣಗಳಲ್ಲಿ ಋಣ ವಿದ್ಯುತ್ತಿನ ಅಂಶವಿರುತ್ತದೆ. ಕರಗಿದ ಸೀಸ, ತಾಮ್ರ, ಸತು, ಕ್ಯಾಡ್ಮಿಯಂ ಧನ ವಿದ್ಯುತ್ತಿನವು. ಗೊಬ್ಬರದ ಪದರದ ಮೂಲಕ ನೀರು ಸೋಸಿದರೆ ಲೋಹ ಅಲ್ಲಿಯೇ ಅಂಟಿಕೊಳ್ಳುತ್ತದೆ. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಕಡೆ 1990ರ ದಶಕದಲ್ಲೇ ತರಗೆಲೆ ಗೊಬ್ಬರದಿಂದ ರಸ್ತೆಯ ಮಳೆನೀರನ್ನು ಸೋಸಿದರು. ಗೊಬ್ಬರ ಮಾಡುವ ‘ಬೆಂಗಳೂರು ವಿಧಾನ’ವಂತೂ ಜಗತ್ತಿಗೇ ನಮ್ಮ ಕೊಡುಗೆ. ನಮ್ಮಲ್ಲಿ ಹುಳದ ಹಿಕ್ಕೆಗೆ, ಹಿಪ್ಪುನೇರಳೆ ಕಡ್ಡಿಗೆ, ಸಂತೆಯ ತರಕಾರಿ ಕಸಕ್ಕೆ ಬರಗಾಲವೇ?

ಆದರೆ ಗೊಬ್ಬರ ಮಾಂತ್ರಿಕನಲ್ಲ. ನಮ್ಮ ಹಳೆಯ ಶತ್ರು ಫ್ಲೋರೈಡನ್ನಾಗಲಿ, ಆರ್ಸೆನಿಕ್ಕನ್ನಾಗಲಿ ಅದು ಹಾಗೆ ಹಿಡಿಯಲಾರದು. ಅರೆಕಳಿತ ಗೊಬ್ಬರ ಹಾಕಿದರೆ ನೀರೇ ಮತ್ತಷ್ಟು ಕೆಡುತ್ತದೆ. ಪದರ ತುಂಬಿದ ಮೇಲೆ ಲೋಹ ಮತ್ತೆ ನೀರಿಗೆ ದಾಟುತ್ತದೆ, ಆದ್ದರಿಂದ ಕಾಲಕಾಲಕ್ಕೆ ಅದನ್ನು ಬದಲಿಸಬೇಕು. ವಿಷ ಹೀರಿದ ಆ ಗೊಬ್ಬರವನ್ನು ಯಾವನಾದರೂ ಹೊಲಕ್ಕೆ ಚೆಲ್ಲಿದರೆ ಕೆರೆಯಿಂದ ತೆಗೆದ ವಿಷವನ್ನು ತಟ್ಟೆಗೆ ಬಡಿಸಿದಂತೆ. ಅದನ್ನು ಅಪಾಯಕಾರಿ ತ್ಯಾಜ್ಯವೆಂದೇ ಕಾಣಬೇಕು. ಆ ಖರ್ಚು ಪಂಚಾಯಿತಿಯ ತಲೆಗೆ ಬೀಳಬಾರದು.

ನಮ್ಮ ಎಚ್ಚರಿಕೆ ಇರುವುದು ಇಲ್ಲಿಯೇ. ಬಡವನ ತಿಪ್ಪೆ ಇದೆಯಲ್ಲ ಎಂದು ದೊಡ್ಡವರ ನಲ್ಲಿಯನ್ನು ಹಾಗೇ ಬಿಡಬಾರದು. ಲೋಹದ ನೀರು ಚರಂಡಿಗೆ ಬಿಡುವ ಕಾರ್ಖಾನೆ ಅದನ್ನು ತನ್ನ ಅಂಗಳದಲ್ಲೇ, ತನ್ನ ಖರ್ಚಿನಲ್ಲೇ ಶುದ್ಧಿಮಾಡಬೇಕು. ಲಾಭ ಒಬ್ಬರಿಗೆ, ಸೀಸ ಇನ್ನೊಬ್ಬರ ಮಗುವಿಗೆ ಎಂಬ ಲೆಕ್ಕವನ್ನು ಯಾವ ಧರ್ಮವೂ ಒಪ್ಪದು.

ಆದುದರಿಂದ ನಮ್ಮ ಒತ್ತಾಯ ಇಷ್ಟು: ಕೆರೆಗೆ ಬರುವ ನೀರಿಗೆ ಮೂರನೆಯ ಹಂತದ ಶುದ್ಧೀಕರಣವಾಗಲಿ. ಜಿಲ್ಲೆಯ ಒಂದು ಕೆರೆಯ ಬಾಯಲ್ಲಿ ಗೊಬ್ಬರದ ಸೋಸುಪದರವನ್ನು ಸರ್ಕಾರದ ಖರ್ಚಿನಲ್ಲಿ ಪರೀಕ್ಷಿಸಿ ನೋಡಲಿ. ನೀರಿನ ಪರೀಕ್ಷೆಯ ಅಂಕಿಗಳನ್ನು ತಿಂಗಳಿಗೊಮ್ಮೆ ಪಂಚಾಯಿತಿಯ ಹಲಗೆಯ ಮೇಲೆ, ಕನ್ನಡದಲ್ಲಿ ಬರೆಯಲಿ. ನೀರು ಶುದ್ಧವೆನ್ನುವ ಅಧಿಕಾರಿಗಳಿಗೆ ಅಷ್ಟು ಬರೆಯಲು ಅಂಜಿಕೆ ಏಕೆ?