ಪರೀಕ್ಷೆಗೆ ಒಂದು ಗಂಟೆ, ಮೇವಿಗೆ?

ಶಿವಾಜಿಯ ಸೈನ್ಯ ಕುದುರೆ ಬದಲಾಯಿಸುತ್ತಿದ್ದ ಊರಾದ್ದರಿಂದ ಬದಲಾಪುರ ಎಂದು ಇಲ್ಲಿಯವರು ಹೇಳುತ್ತಾರೆ. ಈಗ ಕುದುರೆ ನೋಡಬೇಕೆಂದರೆ ಕರ್ಜತ್ ಲೋಕಲ್ ಹತ್ತಿ, ನೇರಳದಲ್ಲಿಳಿದು ಮಾಥೇರಾನ್‌ಗೆ ಹೋಗಬೇಕು. ಖಾಸಗಿ ಕಾರು, ಬೈಕು ಒಳಗೆ ಬಿಡದ ಆ ಗುಡ್ಡದಲ್ಲಿ ಕುದುರೆಯೇ ಎಷ್ಟೋ ಮನೆಗಳ ಅನ್ನ.

ಇಂಥ ಕಡೆ ಸ್ಟ್ರಾಂಗಲ್ಸ್ ಬಂದರೆ? ಗಂಟಲ ಗ್ರಂಥಿ ಊದಿ ಕೀವಾಗುವ ಈ ಬ್ಯಾಕ್ಟೀರಿಯಾ ರೋಗ ಹಬ್ಬಲು ಒಂದೇ ನೀರಿನ ತೊಟ್ಟಿ ಸಾಕು. ವಾಸಿಯಾದಂತೆ ಕಾಣುವ ಕೆಲವು ಕುದುರೆಗಳೂ ಗಂಟಲ ಮೇಲಿನ ಚೀಲದಲ್ಲಿ ರೋಗಾಣುವನ್ನು ತಿಂಗಳುಗಟ್ಟಲೆ ಇಟ್ಟುಕೊಂಡಿರುತ್ತವೆ. ಪ್ರಯೋಗಾಲಯದಲ್ಲಿ ರೋಗಾಣು ಬೆಳೆಸಿ ನೋಡಲು ದಿನಗಳು ಬೇಕು; ಲಾಯದ ಬಳಿಯೇ ಮಾಡಬಹುದಾದ ಲ್ಯಾಂಪ್ ಮಾದರಿಯ ಪರೀಕ್ಷೆಗೆ ಸುಮಾರು ಒಂದು ಗಂಟೆ. ಅದು ಬರಲಿ ಎಂದೇ ನನ್ನ ಮತ. (ಮೂಗಿನ ಸ್ವಾಬ್ ಒಂದನ್ನೇ ನಂಬಿದರೆ ಆ ಚೀಲದವು ತಪ್ಪಿಸಿಕೊಳ್ಳುತ್ತವೆ, ಎಂಡೋಸ್ಕೋಪ್ ಬಲ್ಲ ವೈದ್ಯರೂ ಬೇಕು.)

ಆದರೆ 'ರೋಗವಿದೆ' ಎಂದೊಡನೆ ಕುದುರೆ ವಾರಗಟ್ಟಲೆ ಲಾಯದಲ್ಲಿ. ಸವಾರಿಯ ದುಡ್ಡು ನಿಲ್ಲುತ್ತದೆ, ಮೇವಿನ ಖರ್ಚು ನಿಲ್ಲದು. ಹೀಗಿರುವಾಗ ಮೂಗು ಸೋರುವ ಕುದುರೆಯನ್ನು ಮಾಲೀಕ ತಾನಾಗಿ ತಂದು ತೋರಿಸುತ್ತಾನೆಯೇ? 2006ರಲ್ಲಿ ಮಹಾರಾಷ್ಟ್ರದಲ್ಲೇ ಮರುಕಳಿಸಿದ ಗ್ಲ್ಯಾಂಡರ್ಸ್‌ನಲ್ಲಿ ಕುದುರೆಯನ್ನು ಕೊಲ್ಲಬೇಕು, ಅದಕ್ಕೆ ಪರಿಹಾರ ಉಂಟು. ಇಲ್ಲಿ ಕೊಲ್ಲುವುದು ಬೇಡ, ಬೇರೆಯಾಗಿ ಕಟ್ಟಿದರೆ ಸಾಕು. ಕಿಟ್ಟಿನ ಬೆಲೆಯ ಜೊತೆಗೆ ಆ ದಿನಗಳ ಮೇವಿನ ಹಣವನ್ನೂ ಪಶುಸಂಗೋಪನೆ ಇಲಾಖೆ ಅದೇ ಬಜೆಟ್ಟಿನಲ್ಲಿ ತೋರಿಸಲಿ.